ಕುರ್ಲಾದ ಪ್ಲಿಮತ್, ಮಿಚಿಗನ್‌ನ ವೇಲಿಯಂಟ್

ಕುರ್ಲಾದ ಹಳೆಯ ಚಾಳೊಂದರ ಖೋಲಿಯಲ್ಲಿ, ಮಂಚದಡಿ ಒಂದು ತಗಡಿನ ಪೆಟ್ಟಿಗೆ ಇದೆ. ಅದರೊಳಗೆ ಅಮೆರಿಕದಿಂದ ಬಂದ ನೀಲಿ ಏರೋಗ್ರಾಮ್‌ಗಳ ಒಂದು ಕಟ್ಟು, ಎಣ್ಣೆ ಸವರಿಟ್ಟ ಒಂದು ಫೀಲರ್ ಗೇಜ್, ಜೊತೆಗೆ ಹೆಬ್ಬೆರಳು ಗಾತ್ರದ ಬಿಳಿ ಪಿಂಗಾಣಿಯ ಒಂದು ತುಣುಕು. ಪತ್ರಗಳನ್ನು ಮನೆಮಂದಿಯೆಲ್ಲ ಓದಿದ್ದಾರೆ. ಪಿಂಗಾಣಿ ತುಣುಕಿನ ಕಥೆ ಮಾತ್ರ ಬಹುಕಾಲ ಇಬ್ಬರ ನಡುವೆಯೇ ಉಳಿದಿತ್ತು.

ಅವರಿಬ್ಬರೂ ಕುಂದಾಪುರ ಕಡೆಯ ಒಂದೇ ತಾಯಿಯ ಮಕ್ಕಳು. ಅಣ್ಣನಿಗೆ ಈಗ 83, ತಮ್ಮನಿಗೆ 75. ಹೆಸರು ಹಾಕುವುದು ಬೇಡ ಎಂಬುದು ಇಬ್ಬರದೂ ಒಂದೇ ಮಾತು. ಆದ್ದರಿಂದ ಇಲ್ಲಿ ಅವರು ಅಣ್ಣ ಮತ್ತು ತಮ್ಮ, ಅಷ್ಟೇ. ಅಣ್ಣ ಮುಂಬಯಿಯಲ್ಲಿ, ತಮ್ಮ ಅಮೆರಿಕದ ಮಿಚಿಗನ್‌ನಲ್ಲಿ ಬದುಕು ಕಟ್ಟಿಕೊಂಡವರು. ಇಬ್ಬರ ಸಂಸಾರವನ್ನೂ ಹೊತ್ತು ನಡೆದದ್ದು ಒಂದೇ ಅಮೆರಿಕನ್ ಕಂಪನಿಯ ಎರಡು ಕಾರುಗಳು. ಎರಡೂ ಏರು ಕಂಡರೆ ಏದುಸಿರು ಬಿಡುವ ಗಾಡಿಗಳೇ. ಎರಡನ್ನೂ ಬಿಚ್ಚಿ, ಜೋಡಿಸಿ, ಮಾರ್ಪಡಿಸಿ ಓಡಿಸಿದವರು ಇವರೇ.

ಬೆಂಗಳೂರಿಗೆ ತಪ್ಪಿ ಕುರ್ಲಾಕ್ಕೆ ಬಂದದ್ದು

ಅಮೆರಿಕನ್ ಕಾರಿಗೂ ಕುರ್ಲಾಕ್ಕೂ ಏನು ನಂಟು ಎಂದು ಇಂದಿನ ತಲೆಮಾರು ಕೇಳಬಹುದು. ಜನರಲ್ ಮೋಟಾರ್ಸ್ 1928ರಲ್ಲೇ ಮುಂಬಯಿಯ ಶಿವಡಿಯಲ್ಲಿ ಕಾರು ಜೋಡಿಸುವ ಕಾರ್ಖಾನೆ ತೆರೆದಿತ್ತು. ಆದರೆ ಭಾರತದಲ್ಲೇ ಕಾರು ತಯಾರಾಗಬೇಕೆಂಬ ಯೋಜನೆಯನ್ನು 1930ರ ದಶಕದಲ್ಲಿ ಸಿದ್ಧಪಡಿಸಿದವರು ಕನ್ನಡಿಗರ ಹೆಮ್ಮೆಯ ಸರ್ ಎಂ. ವಿಶ್ವೇಶ್ವರಯ್ಯನವರು. ಇದಕ್ಕಾಗಿ ಅವರು ತಮ್ಮ ಎಪ್ಪತ್ತರ ಇಳಿವಯಸ್ಸಿನಲ್ಲಿ ಯುರೋಪು, ಅಮೆರಿಕಗಳನ್ನು ಸುತ್ತಿ ಬಂದರು. ಉದ್ಯಮಿ ವಾಲ್‌ಚಂದ್ ಹಿರಾಚಂದ್ ಯೋಜನೆಯನ್ನು ಕೈಗೆತ್ತಿಕೊಂಡರು. ಮೈಸೂರು ಸರಕಾರದ ನೆರವಿನಿಂದ ಬೆಂಗಳೂರಿನಲ್ಲಿ ಕಾರ್ಖಾನೆ ಆಗಬೇಕೆಂಬ ಮಾತೂ ನಡೆಯಿತು. ಬ್ರಿಟಿಷ್ ಭಾರತ ಸರಕಾರ ಒಲಿಯಲಿಲ್ಲ. ಅದೇ ವಾಲ್‌ಚಂದ್ 1940ರಲ್ಲಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ಆರಂಭಿಸಿದರು. ಕಾರಿನ ಕನಸು ಮಾತ್ರ 1944ರಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಎಂಬ ಹೆಸರಿನಲ್ಲಿ ಮುಂಬಯಿಯಲ್ಲಿ ನೆಲೆಯಾಯಿತು. ಅಮೆರಿಕದ ಕ್ರೈಸ್ಲರ್ ಕಂಪನಿಯ ಸಹಯೋಗದಲ್ಲಿ ಕುರ್ಲಾದಿಂದ ಡಾಜ್, ಪ್ಲಿಮತ್, ಡಿಸೋಟೊ ಕಾರುಗಳು ಹೊರಬಿದ್ದವು. ಫಿಯಟ್ ಬಂದು ಮುಂಬಯಿಯ ಕಾಲಿ-ಪೀಲಿ ಆದದ್ದೆಲ್ಲ ಆಮೇಲಿನ ಮಾತು.

ಅಣ್ಣ ಊರು ಬಿಟ್ಟು ಮುಂಬಯಿ ಸೇರಿದ್ದು 1954ರಲ್ಲಿ, ಹನ್ನೆರಡನೆಯ ವಯಸ್ಸಿನಲ್ಲಿ. ಮೊದಲು ಹೊಟೇಲು, ಸಂಜೆಯಾದರೆ ಕನ್ನಡ ರಾತ್ರಿ ಶಾಲೆ. ಮುಂದೆ ಕುರ್ಲಾದ ಗ್ಯಾರೇಜೊಂದರಲ್ಲಿ ಪಾನಾ ಎತ್ತಿಕೊಡುವ ಹುಡುಗ. ಇಪ್ಪತ್ತೈದಕ್ಕೆ ಪೂರ್ಣ ಮೆಕ್ಯಾನಿಕ್. 1969ರಲ್ಲಿ ಒಬ್ಬ ಪಾಲುದಾರನೊಂದಿಗೆ ಸೇರಿ 1950ರ ಸುಮಾರಿನ ಹಳೆಯ ಪ್ಲಿಮತ್ ಕಾರೊಂದನ್ನು ಕೊಂಡು ಮುಂಬಯಿ-ಪುಣೆ ಬಾಡಿಗೆಗೆ ಬಿಟ್ಟರು. ಆರು ಸಿಲಿಂಡರಿನ 3.6 ಲೀಟರ್ ಪೆಟ್ರೋಲ್ ಎಂಜಿನ್, ಸುಮಾರು 95 ಅಶ್ವಶಕ್ತಿ. ಹಿಂದಿನ ಸೀಟಿನಲ್ಲಿ ನಾಲ್ವರು ಆರಾಮವಾಗಿ ಕೂರಬಹುದು. ಡಿಕ್ಕಿಯಲ್ಲಿ ಒಂದು ಮದುವೆಯ ಸಾಮಾನು ಹಿಡಿಯುತ್ತಿತ್ತು.

95ರಿಂದ 40ಕ್ಕೆ

1973ರ ಅಕ್ಟೋಬರಿನಲ್ಲಿ ಅರಬ್ ರಾಷ್ಟ್ರಗಳು ತೈಲ ದಿಗ್ಬಂಧನ ಹೇರಿದವು. ಪೀಪಾಯಿಗೆ ಸುಮಾರು 3 ಡಾಲರ್ ಇದ್ದ ಕಚ್ಚಾ ತೈಲ 1974ರ ಜನವರಿಗೆ 11 ಡಾಲರ್ ದಾಟಿತು. ದಿಲ್ಲಿಯಲ್ಲಿ ಅಟಲ್ ಬಿಹಾರಿ ವಾಜಪೇಯಿಯವರು ಪೆಟ್ರೋಲ್ ದರ ಏರಿಕೆ ಪ್ರತಿಭಟಿಸಿ ಎತ್ತಿನ ಗಾಡಿಯಲ್ಲಿ ಸಂಸತ್ತಿಗೆ ಹೋದದ್ದು ಆ ನವೆಂಬರಿನಲ್ಲೇ. ಕುರ್ಲಾದ ಅಣ್ಣನಿಗೂ ಅದೇ ಚಿಂತೆ. ಲೀಟರಿಗೆ ಐದಾರು ಕಿಲೋಮೀಟರ್ ಓಡುವ ಪ್ಲಿಮತ್ ಪುಣೆಗೆ ಹೋಗಿ ಬಂದರೆ, ಬಾಡಿಗೆಯೆಲ್ಲ ಪಂಪಿಗೇ ಸಲ್ಲುತ್ತಿತ್ತು. ಕಾರು ಮಾರೋಣವೆಂದರೆ ಕೊಳ್ಳುವವರಿಲ್ಲ. ಎಲ್ಲರಿಗೂ ಬೇಕಾದದ್ದು ಚಿಕ್ಕ ಫಿಯಟ್.

ಆ ಕಾಲದಲ್ಲಿ ದೊಡ್ಡ ಅಮೆರಿಕನ್ ಕಾರಿಟ್ಟುಕೊಂಡ ಹಲವರು ಹಿಡಿದ ದಾರಿಯನ್ನೇ ಅಣ್ಣ ಹಿಡಿದರು. ಪೆಟ್ರೋಲ್ ಎಂಜಿನ್ ಇಳಿಸಿ ಡೀಸೆಲ್ ಎಂಜಿನ್ ಏರಿಸುವುದು. ಕೆಲವರು ಮದ್ರಾಸಿನಲ್ಲಿ ತಯಾರಾಗುತ್ತಿದ್ದ ಪರ್ಕಿನ್ಸ್ ಎಂಜಿನ್ ಕೂರಿಸಿದರು. ಅಣ್ಣನಿಗೆ ಸಿಕ್ಕಿದ್ದು ಅಪಘಾತಕ್ಕೀಡಾದ ಮೆಟಡೋರ್ ವ್ಯಾನಿನ ಎಂಜಿನ್. ಮೂಲತಃ ಮರ್ಸಿಡಿಸ್ ವಿನ್ಯಾಸದ್ದು, 1.8 ಲೀಟರ್, ಸುಮಾರು 40 ಅಶ್ವಶಕ್ತಿ. ಹೆಸರು ದೊಡ್ಡದಾದರೂ ಶಕ್ತಿ ಹಳೆಯದರ ಅರ್ಧಕ್ಕೂ ಕಡಿಮೆ!

ಸುರತ್ಕಲ್‌ನ ಕೆಆರ್‌ಇಸಿಯಲ್ಲಿ 1972ರಲ್ಲಿ ಬಿ.ಇ. ಮುಗಿಸಿದ ತಮ್ಮ ಆಗ ಅಣ್ಣನ ಖೋಲಿಯಲ್ಲೇ ಇದ್ದು ಠಾಣೆಯ ಕಾರ್ಖಾನೆಗೆ ದುಡಿಯಲು ಹೋಗುತ್ತಿದ್ದರು. ಮೆಟಡೋರ್ ಎಂಜಿನ್ನಿಗೂ ಪ್ಲಿಮತ್ ಗೇರ್‌ಬಾಕ್ಸಿಗೂ ಬೋಲ್ಟಿನ ತೂತುಗಳು ಕೂಡಿಬರುವುದಿಲ್ಲ. ನಡುವೆ ಒಂದು ದಪ್ಪ ಉಕ್ಕಿನ ಫಲಕ ಬೇಕು. ತಮ್ಮ ರಾತ್ರಿ ಸೀಮೆಎಣ್ಣೆ ದೀಪದ ಬೆಳಕಿನಲ್ಲಿ ಅದರ ನಕ್ಷೆ ಬರೆದರು. ಅಣ್ಣ ಅದನ್ನು ಪರಿಚಯದ ಟರ್ನರ್ ಒಬ್ಬನ ಲೇತ್ ಮೇಲೆ ಕೊರೆಸಿದರು. ಕೂದಲೆಳೆಯಷ್ಟು ಓರೆಯಾದರೂ ಗೇರ್‌ಬಾಕ್ಸಿನ ಶಾಫ್ಟ್ ತಿಂಗಳೊಳಗೆ ಸವೆದುಹೋಗುತ್ತದೆ. ಹಳೆಯ ಕಾರಿನದು 6 ವೋಲ್ಟ್ ವಯರಿಂಗ್, ಡೀಸೆಲ್ಲಿಗೆ 12 ವೋಲ್ಟ್ ಬೇಕು. ಎಲ್ಲ ತಂತಿ ಬದಲಾಯಿಸಬೇಕಾಯಿತು. ಎಂಜಿನ್ ಕೂರಿಸುವ ರಬ್ಬರ್ ತುಂಡುಗಳು ಲಾರಿಯವು. ಅಷ್ಟಾದರೂ ನಿಂತಲ್ಲಿ ಎಂಜಿನ್ ಚಾಲೂ ಮಾಡಿದರೆ ಕನ್ನಡಿ, ಬಾಗಿಲು, ಸೀಟು ಎಲ್ಲವೂ ಜ್ವರ ಬಂದಂತೆ ನಡುಗುತ್ತಿದ್ದವು. ಆರ್‌ಟಿಒ ಕಚೇರಿಗೆ ನಾಲ್ಕು ಬಾರಿ ಅಲೆದ ಮೇಲೆ ಆರ್‌ಸಿ ಪುಸ್ತಕದಲ್ಲಿ ಹೊಸ ಎಂಜಿನ್ ನಂಬರ್ ದಾಖಲಾಯಿತು.

ಈಗ ಲೀಟರಿಗೆ ಹನ್ನೊಂದು ಕಿಲೋಮೀಟರ್, ಅದೂ ಪೆಟ್ರೋಲಿಗಿಂತ ಅಗ್ಗದ ಡೀಸೆಲ್ಲಿನಲ್ಲಿ. ಜಮಾ-ಖರ್ಚು ಸರಿಹೋಯಿತು. ಆದರೆ ಖಂಡಾಲ ಘಾಟ್? ಆರು ಮಂದಿ ಕುಳಿತರೆ ಮೊದಲ ಗೇರಿನಲ್ಲಿ, ಮನುಷ್ಯ ಬಿರುಸಾಗಿ ನಡೆಯುವ ವೇಗದಲ್ಲಿ ಏರಬೇಕು. ನೀರಿನ ಡಬ್ಬ ಸದಾ ಜೊತೆಗಿರಬೇಕು. ಒಮ್ಮೆ ತಿರುವಿನಲ್ಲಿ ರೇಡಿಯೇಟರ್ ಕುದಿದು ನಿಂತಾಗ ಪ್ರಯಾಣಿಕರೆಲ್ಲ ಇಳಿದು ನಡೆದೇ ಮೇಲೆ ತಲುಪಿದರಂತೆ. ಕಾರು ಆಮೇಲೆ ಬಂದು ಅವರನ್ನು ಹತ್ತಿಸಿಕೊಂಡಿತು.

"ಬೇಗ ಹೋಗುವುದು ನಮ್ಮ ಕೈಯಲ್ಲಿರಲಿಲ್ಲ. ನಿಲ್ಲದೆ ಹೋಗುವುದು ಕೈಯಲ್ಲಿತ್ತು," ಎನ್ನುತ್ತಾರೆ ಅಣ್ಣ. ಅದಕ್ಕಾಗಿ ಅವರದೊಂದು ಕಟ್ಟಳೆ ಇತ್ತು. ಯಾವ ಸಾಮಾನು ಕೆಟ್ಟರೆ ಗಾಡಿ ದಾರಿಯಲ್ಲಿ ನಿಲ್ಲುತ್ತದೋ ಆ ಸಾಮಾನು ಯಾವಾಗಲೂ ಎರಡು ಇರಬೇಕು, ಒಂದು ಗಾಡಿಯಲ್ಲಿ, ಇನ್ನೊಂದು ಡಿಕ್ಕಿಯಲ್ಲಿ. ಫ್ಯಾನ್ ಬೆಲ್ಟ್, ಡೀಸೆಲ್ ಪೈಪು, ರೇಡಿಯೇಟರ್ ಹೋಸ್, ಕೊನೆಗೆ ಒಂದು ಹಿಡಿ ನಟ್ಟು-ಬೋಲ್ಟು ಸಹ.

1974ರ ಆಗಸ್ಟಿನಲ್ಲಿ ತಮ್ಮನಿಗೆ ಮಿಚಿಗನ್‌ನಲ್ಲಿ ಎಂ.ಎಸ್. ಓದಲು ಅವಕಾಶ ಬಂತು. ವಿಮಾನದ ಟಿಕೆಟಿಗೆ ಹಣವಿಲ್ಲ. ಅಣ್ಣ ಕಾರಿನಲ್ಲಿದ್ದ ತಮ್ಮ ಅರ್ಧ ಪಾಲನ್ನು ಪಾಲುದಾರನಿಗೇ ಒತ್ತೆ ಇಟ್ಟರು. ಹಣ ತೀರುವ ತನಕ ಪಾಲಿನ ಆದಾಯ ಅವನಿಗೆ, ದುಡಿಮೆಯ ಕೂಲಿ ಮಾತ್ರ ಅಣ್ಣನಿಗೆ. ಈ ವಿಷಯ ತಮ್ಮನಿಗೆ ಗೊತ್ತಿತ್ತು. ಊರಲ್ಲಿದ್ದ ತಾಯಿಗೆ ಗೊತ್ತಿರಲಿಲ್ಲ.

ಅಲ್ಲಿಯೂ ಸೊರಗಿದ ಕಾರು

ಕಾರುಗಳ ದೇಶಕ್ಕೆ ಹೋಗಿ ಇಳಿದ ತಮ್ಮನಿಗೆ ಕಂಡದ್ದು ಬೇರೆಯೇ ಚಿತ್ರ. ಅದೇ ತೈಲ ಬಿಕ್ಕಟ್ಟು ಅಮೆರಿಕವನ್ನೂ ಹಿಂಡಿತ್ತು. 1974ರ ಜನವರಿಯಲ್ಲಿ ಅಧ್ಯಕ್ಷ ನಿಕ್ಸನ್ ಸಹಿ ಹಾಕಿದ ಕಾನೂನಿನಿಂದ ದೇಶವಿಡೀ ಗಂಟೆಗೆ 55 ಮೈಲಿ, ಅಂದರೆ ಸುಮಾರು 88 ಕಿಲೋಮೀಟರ್ ವೇಗಮಿತಿ ಬಂದಿತ್ತು. ಅದಕ್ಕೂ ಮೊದಲೇ, 1970ರ ಶುದ್ಧ ಗಾಳಿ ಕಾನೂನಿನಿಂದಾಗಿ, ಎಂಜಿನ್ನುಗಳಿಗೆ ಹೊಗೆ ತಗ್ಗಿಸುವ ಸಾಧನಗಳು ಸೇರತೊಡಗಿದ್ದವು. ಕಡಿಮೆ ಸೀಸದ ಪೆಟ್ರೋಲಿಗೆ ಹೊಂದುವಂತೆ ಸಿಲಿಂಡರಿನೊಳಗಿನ ಒತ್ತಡ ಇಳಿಸಲಾಗಿತ್ತು. ನೋಡಲು ಹಡಗಿನಂಥ ಕಾರುಗಳು, ಒಳಗೆ ಬಸವಳಿದ ಎಂಜಿನ್. ಓಟಕ್ಕೇ ಹೆಸರಾಗಿದ್ದ ಕಾರ್ವೆಟ್ ಕೂಡ 1975ರಲ್ಲಿ ಸಾಮಾನ್ಯ ಮಾದರಿಯಲ್ಲಿ 165 ಅಶ್ವಶಕ್ತಿಗೆ ಇಳಿದಿತ್ತು. 1976ರಲ್ಲಿ ಬಂದ ಪುಟ್ಟ ಷೆವೆಟ್ ಕಾರಿನ 1.4 ಲೀಟರ್ ಎಂಜಿನ್ನಿಗೆ 52 ಅಶ್ವಶಕ್ತಿ ಮಾತ್ರ.

ಇದರಲ್ಲಿ ಒಂದಿಷ್ಟು ಲೆಕ್ಕದ ಪುಸ್ತಕದ ಮಾಯೆಯೂ ಇತ್ತು. 1972ಕ್ಕೆ ಮೊದಲು ಎಂಜಿನ್ನನ್ನು ಒಂಟಿಯಾಗಿ ಸ್ಟ್ಯಾಂಡಿನ ಮೇಲಿಟ್ಟು, ಫ್ಯಾನು, ಸೈಲೆನ್ಸರ್ ಯಾವುದೂ ಇಲ್ಲದೆ ಶಕ್ತಿ ಅಳೆಯುತ್ತಿದ್ದರು. ಆಮೇಲೆ ಎಲ್ಲವನ್ನೂ ಜೋಡಿಸಿ ಅಳೆಯತೊಡಗಿದರು. ಪಗಾರದ ಚೀಟಿಯಲ್ಲಿ ಮೇಲಿನ ಮೊತ್ತ ಬೇರೆ, ಕಡಿತವೆಲ್ಲ ಹೋಗಿ ಕೈಗೆ ಬರುವ ಮೊತ್ತ ಬೇರೆ ಎನ್ನುವಂತೆಯೇ ಇದು. ಕ್ರೈಸ್ಲರ್ ಕಂಪನಿಯ 3.7 ಲೀಟರ್ ಆರು ಸಿಲಿಂಡರ್ ಎಂಜಿನ್ 145 ಅಶ್ವಶಕ್ತಿಯಿಂದ 1972ರಲ್ಲಿ 110ಕ್ಕೆ ಇಳಿದದ್ದು ಮುಖ್ಯವಾಗಿ ಹೀಗೆ. ಆ ಬಳಿಕ ನೂರರ ಆಸುಪಾಸಿಗೆ ಬಂದದ್ದು ಮಾತ್ರ ನಿಜವಾದ ಕಡಿತ.

ಓದು ಮುಗಿದು ನೌಕರಿ ಸಿಕ್ಕಿದ ಮೇಲೆ 1976ರಲ್ಲಿ ತಮ್ಮ ಕೊಂಡದ್ದು ಇದೇ ಎಂಜಿನ್ನಿನ ಪ್ಲಿಮತ್ ವೇಲಿಯಂಟ್, 1974ರ ಮಾದರಿ. 1960ರಲ್ಲಿ ಬಂದ ವೇಲಿಯಂಟ್ ಮತ್ತು ಅದರ ಸೋದರ ಡಾಜ್ ಡಾರ್ಟ್ ಆ ಕಾಲದಲ್ಲಿ ಸಾಧಾರಣ ಅಮೆರಿಕನ್ ಸಂಸಾರಗಳ ನೆಚ್ಚಿನ ಗಾಡಿಗಳು. ಎಂಜಿನ್ ನೆಟ್ಟಗೆ ಕೂರದೆ 30 ಡಿಗ್ರಿ ವಾಲಿಕೊಂಡಿರುತ್ತದೆ. ಬಾನೆಟ್ ತಗ್ಗಾಗಲಿ, ಪಕ್ಕದಲ್ಲಿ ಗಾಳಿಯ ಕೊಳವೆಗಳಿಗೆ ಜಾಗ ಸಿಗಲಿ ಎಂಬುದು ಅದರ ಲೆಕ್ಕಾಚಾರ. ಸುಲಭಕ್ಕೆ ಸಾಯದ ಎಂಜಿನ್ ಎಂಬ ಹೆಸರು ಅದಕ್ಕಿತ್ತು. ಆದರೆ ಚುರುಕಿಲ್ಲ. ಹೆಂಡತಿ, ಸಾಮಾನು ತುಂಬಿಸಿಕೊಂಡು ಫ್ರೀವೇ ಸೇರುವಾಗ ಹಿಂದಿನಿಂದ ಲಾರಿಗಳು ಹಾರನ್ ಹೊಡೆಯುತ್ತಿದ್ದವು.

ತಮ್ಮ ಈ ಫಜೀತಿಯನ್ನು ಬರೆದಾಗ ಅಣ್ಣನ ಉತ್ತರ ಕುಂದಾಪುರದ ಮಾತಿನಲ್ಲೇ ಬಂತು: "ಗುಡ್ಡಿ ಹತ್ತತ್ತಾ ಮಾರಾಯ? ಹತ್ರೆ ಸಾಕ್." ಜೊತೆಗೆ ಟ್ಯಾಪೆಟ್ ನೋಡಿಕೊಳ್ಳಬೇಕೆಂಬ ಸಲಹೆ. ತಮ್ಮ ಫೀಲರ್ ಗೇಜ್ ಕೊಂಡು, ಎಂಜಿನ್ ಬಿಸಿಯಾಗಿ ತಿರುಗುತ್ತಿರುವಾಗಲೇ, ಸಿಡಿಯುವ ಎಣ್ಣೆಗೆ ಕೈಯೊಡ್ಡಿ, ಒಳವಾಲ್ವಿಗೆ ಇಂಚಿನ ಸಾವಿರದ 10 ಭಾಗ, ಹೊರವಾಲ್ವಿಗೆ 20 ಭಾಗ ಸಂದು ಕೂರಿಸುವುದನ್ನು ಕಲಿತರು. ಕಾರಿನ ಅರ್ಧ ಸುಸ್ತು ಅದರಿಂದಲೇ ಹೋಯಿತು. ಇನ್ನರ್ಧಕ್ಕೆ ಅವರ ಮನಸ್ಸು ಹಾತೊರೆಯುತ್ತಿತ್ತು.

ಹತ್ತು ಕುದುರೆಗಳ ಬೆಲೆ

ಅಮೆರಿಕದಲ್ಲಿ ಆಗ ಮನೆಮನೆಯ ಗ್ಯಾರೇಜೂ ಒಂದು ಕಾರ್ಖಾನೆ. ಪುಟ್ಟ ಷೆವ್ರೊಲೆ ವೇಗಾ ಕಾರಿಗೆ ದೊಡ್ಡ ಎಂಟು ಸಿಲಿಂಡರ್ ಎಂಜಿನ್ ತುರುಕಿಸುವವರು, ಎರಡೆರಡು ಸೈಲೆನ್ಸರ್ ಹಾಕುವವರು, ದೊಡ್ಡ ಕಾರ್ಬುರೇಟರ್ ಕೂರಿಸುವವರು. ಕುರ್ಲಾದಲ್ಲಿ ಇಂಧನ ಉಳಿಸಲು ದೊಡ್ಡ ಎಂಜಿನ್ ತೆಗೆದು ಸಣ್ಣದು ಹಾಕಿದರೆ, ಮಿಚಿಗನ್‌ನಲ್ಲಿ ಕಳೆದುಹೋದ ಶಕ್ತಿ ಮರಳಿ ಪಡೆಯಲು ಸಣ್ಣದು ತೆಗೆದು ದೊಡ್ಡದು ಹಾಕುತ್ತಿದ್ದರು. ಎರಡಕ್ಕೂ ಕಾರಣ ಒಂದೇ ತೈಲ.

ಹೊಗೆಯ ಸಾಧನಗಳನ್ನೇ ಕಿತ್ತೆಸೆಯುವವರೂ ಇದ್ದರು. 1977ರ ತಿದ್ದುಪಡಿ ರಿಪೇರಿ ಗ್ಯಾರೇಜುಗಳಿಗೆ ಇದನ್ನು ನಿಷೇಧಿಸಿತು, 1990ರ ತಿದ್ದುಪಡಿ ಎಲ್ಲರಿಗೂ. ತಮ್ಮನೂ ಒಮ್ಮೆ ಸುಟ್ಟ ಹೊಗೆಯನ್ನು ಎಂಜಿನ್ನಿಗೆ ಮರಳಿಸುವ ವಾಲ್ವನ್ನು ಮುಚ್ಚಿ ನೋಡಿದ್ದರು. ಎಂಜಿನ್ ಕುಟ್ಟತೊಡಗಿತು. ವಾರದೊಳಗೆ ಮತ್ತೆ ಜೋಡಿಸಿದರು.

1977ರಲ್ಲಿ ಕ್ರೈಸ್ಲರ್ ಇದೇ ಎಂಜಿನ್ನಿಗೆ ಎರಡು ಬಾಯಿಯ ಕಾರ್ಬುರೇಟರ್ ಕೊಟ್ಟು 'ಸೂಪರ್ ಸಿಕ್ಸ್' ಎಂದು ಕರೆಯಿತು. 110 ಅಶ್ವಶಕ್ತಿ. 1979ರ ಶರತ್ಕಾಲದಲ್ಲಿ ಗುಜರಿಯಲ್ಲಿ ಅಂಥ ಕಾರೊಂದು ನಜ್ಜುಗುಜ್ಜಾಗಿ ಬಿದ್ದದ್ದು ತಮ್ಮನ ಕಣ್ಣಿಗೆ ಬಿತ್ತು. ಕಾರ್ಬುರೇಟರ್, ಮ್ಯಾನಿಫೋಲ್ಡ್ ಬಿಚ್ಚಿ ತಂದರು. ಅಗಲದ ಸೈಲೆನ್ಸರ್ ಪೈಪು ಹೊಸದು ಕೊಂಡರು. ಒಟ್ಟು ಖರ್ಚು ಒಂದು ತಿಂಗಳ ಮನೆಬಾಡಿಗೆಯಷ್ಟು. ಆ ತಿಂಗಳು ಕುರ್ಲಾಕ್ಕೆ ಹಣ ಹೋಗಲಿಲ್ಲ. ಅಣ್ಣನ ಪಾಲು ಇನ್ನೂ ಒತ್ತೆಯಲ್ಲೇ ಇತ್ತು. "ಮಗುವಿನ ಖರ್ಚು ಬಂತು" ಎಂದು ತಮ್ಮ ಪತ್ರ ಬರೆದರು. ಐದು ವರ್ಷಗಳಲ್ಲಿ ಅಣ್ಣನಿಗೆ ಬರೆದ ಮೊದಲ ಸುಳ್ಳು ಅದು.

ಕಾರೇನೋ ಚುರುಕಾಯಿತು. ಫ್ರೀವೇಯಲ್ಲಿ ಹಾರನ್ ನಿಂತಿತು.

1980ರ ಜನವರಿಯ ಒಂದು ನಡುರಾತ್ರಿ ಒಂದೂವರೆ ವರ್ಷದ ಮಗಳಿಗೆ ಜ್ವರ ಏರಿ ಉಸಿರು ಕಟ್ಟತೊಡಗಿತು. ಹೊರಗೆ ಮೊಣಕಾಲುದ್ದ ಹಿಮ. ಹೆಂಡತಿ ಮಗುವನ್ನು ಕಂಬಳಿಯಲ್ಲಿ ಸುತ್ತಿ ಕಾರಿನಲ್ಲಿ ಕುಳಿತರು. ಕೀಲಿ ತಿರುಗಿಸಿದರೆ ಎಂಜಿನ್ ಹೊತ್ತಿಕೊಳ್ಳುತ್ತದೆ, ಕೀಲಿ ಬಿಟ್ಟ ಕ್ಷಣ ಆರಿಹೋಗುತ್ತದೆ. ಮತ್ತೆ, ಮತ್ತೆ ಅದೇ. ಆ ಕಾಲದ ಕ್ರೈಸ್ಲರ್ ಕಾರಿಟ್ಟುಕೊಂಡವರಿಗೆಲ್ಲ ಗೊತ್ತಿದ್ದ ಲಕ್ಷಣ ಅದು. ಇಗ್ನಿಷನ್ನಿಗೆ ಹರಿಯುವ ವಿದ್ಯುತ್ತನ್ನು ಹದದಲ್ಲಿಡುವ ಬ್ಯಾಲಾಸ್ಟ್ ರೆಸಿಸ್ಟರ್ ಎಂಬ ಪಿಂಗಾಣಿ ತುಣುಕು ಸುಟ್ಟುಹೋಗಿತ್ತು. ಕೆಲವೇ ಡಾಲರಿನ ಸಾಮಾನು. ತಿಳಿದವರೆಲ್ಲ ಒಂದು ಹೆಚ್ಚಿನದನ್ನು ಡ್ಯಾಶ್‌ಬೋರ್ಡಿನ ಗೂಡಿನಲ್ಲಿ ಇಟ್ಟುಕೊಳ್ಳುತ್ತಿದ್ದರು. ತಮ್ಮನೂ ಅಣ್ಣನ ಕಟ್ಟಳೆಯಂತೆ ಇಟ್ಟಿದ್ದರು. ಬೇಸಿಗೆಯಲ್ಲಿ ಅದನ್ನು ಬಳಸಿಯಾಗಿತ್ತು. ಹೊಸದು ತರಬೇಕಿದ್ದ ವಾರ ಗುಜರಿಗೆ ಹೋಗಿ ಕಾರ್ಬುರೇಟರ್ ತಂದಿದ್ದರು.

ಹತ್ತು ಅಶ್ವಶಕ್ತಿ ಹೆಚ್ಚಿದ್ದ ಕಾರು ಅಂಗಳ ಬಿಟ್ಟು ಕದಲಲಿಲ್ಲ.

ತಮ್ಮ ಬಾನೆಟ್ ಎತ್ತಿ, ರೇಡಿಯೊದ ಸ್ಪೀಕರಿನ ತಂತಿಯನ್ನು ಕಿತ್ತು, ಹಲ್ಲಿನಲ್ಲೇ ಸಿಪ್ಪೆ ಸುಲಿದು, ಸತ್ತ ರೆಸಿಸ್ಟರಿನ ಎರಡು ತುದಿಗಳಿಗೆ ಅಡ್ಡಲಾಗಿ ಸುತ್ತಿದರು. ಮರಗಟ್ಟಿದ ಬೆರಳುಗಳಿಗೆ ತಂತಿ ನಿಲ್ಲುತ್ತಿರಲಿಲ್ಲ. ಎಷ್ಟು ಹೊತ್ತು ಹಿಡಿಯಿತೆಂದು ಅವರಿಗೆ ಇಂದಿಗೂ ಹೇಳಲಾಗುವುದಿಲ್ಲ. ಹೆಂಡತಿ ಕಾರಿನೊಳಗಿಂದ ಒಂದೂ ಮಾತಾಡಲಿಲ್ಲ ಎಂಬುದು ಮಾತ್ರ ನೆನಪಿದೆ. ಎಂಜಿನ್ ಹೊತ್ತಿಕೊಂಡಿತು. ನಾಲ್ಕು ಮೈಲಿ ದೂರದ ಆಸ್ಪತ್ರೆಯ ಬಾಗಿಲ ತನಕ ನಿಲ್ಲಲಿಲ್ಲ. ಮಗು ಉಳಿಯಿತು. ಈಗ ಆಕೆಗೇ ಇಬ್ಬರು ಮಕ್ಕಳು.

ಅಣ್ಣನ ಉತ್ತರ

ಆ ವಾರವೇ ತಮ್ಮ ಎಲ್ಲವನ್ನೂ ಬರೆದರು. ಕಾರ್ಬುರೇಟರ್, ಕಳುಹಿಸದ ಹಣ, ಸುಳ್ಳು, ಆ ರಾತ್ರಿ. ಸುಟ್ಟ ರೆಸಿಸ್ಟರನ್ನು ಕಾಗದದಲ್ಲಿ ಸುತ್ತಿ ಬೇರೆ ಅಂಚೆಯಲ್ಲಿ ಕಳುಹಿಸಿದರು. ಬೈಗುಳ ಬರಬಹುದೆಂದು ಕಾದರು.

ಬಂದ ಉತ್ತರದಲ್ಲಿ ಹಣದ ಮಾತಿರಲಿಲ್ಲ. "ಕಾರು ಜೋರು ಓಡಿದರೆ ನನಗೂ ಸಂತೋಷವೇ. ಮಗು ಇರುವ ಮನೆಯಲ್ಲಿ ಎರಡನೆಯದು ಇಲ್ಲದೆ ಗಾಡಿ ತೆಗೆಯಬೇಡ," ಎಂದಷ್ಟೇ ಇತ್ತು. ತಮ್ಮ ಆ ಪತ್ರವನ್ನು ಇಂದಿಗೂ ಕಾಪಿಟ್ಟುಕೊಂಡಿದ್ದಾರೆ. 1981ರಲ್ಲಿ ಅಣ್ಣನ ಪಾಲು ಒತ್ತೆಯಿಂದ ಬಿಡುಗಡೆಯಾಯಿತು. 1984ರಲ್ಲಿ ತಮ್ಮ ಊರಿಗೆ ಬಂದಾಗ ತಮ್ಮ ಫೀಲರ್ ಗೇಜನ್ನು ಅಣ್ಣನ ಕೈಗೆ ಕೊಟ್ಟರು.

ವೇಲಿಯಂಟ್ ಮಿಚಿಗನ್‌ನ ಉಪ್ಪು ಸುರಿದ ರಸ್ತೆಗಳಲ್ಲಿ ತುಕ್ಕು ಹಿಡಿದು 1986ರಲ್ಲಿ ಗುಜರಿ ಸೇರಿತು. ಆಗಲೂ ಎಂಜಿನ್ ಚೆನ್ನಾಗಿತ್ತು, ಕೂರಲು ನೆಲವೇ ಉಳಿದಿರಲಿಲ್ಲ. ಕುರ್ಲಾದ ಪ್ಲಿಮತ್ ಅದಕ್ಕೂ ಎರಡು ವರ್ಷ ಹೆಚ್ಚು ಬಾಳಿತು. ಅದು ಉಗುಳಿದ ಕಪ್ಪು ಹೊಗೆಯ ಬಗ್ಗೆ ಅಣ್ಣ ಈಗ ಬಡಾಯಿ ಕೊಚ್ಚುವುದಿಲ್ಲ. "ಹೊಟ್ಟೆಪಾಡು ನೋಡಿದೆವು, ಎದೆ ನೋಡಲಿಲ್ಲ," ಎನ್ನುವಾಗ ಅವರಿಗೆ ಕೆಮ್ಮು ಬರುತ್ತದೆ. ಕುರ್ಲಾದ ಆ ಕಂಪನಿಯ ಕೊನೆಯ ಪದ್ಮಿನಿ ಟ್ಯಾಕ್ಸಿ 2023ರ ಅಕ್ಟೋಬರ್ 30ರಂದು ಮುಂಬಯಿಯ ರಸ್ತೆಯಿಂದ ಮರೆಯಾದಾಗ ಅಣ್ಣ ಅದರ ಫೋಟೊವನ್ನು ಪತ್ರಿಕೆಯಿಂದ ಕತ್ತರಿಸಿಟ್ಟುಕೊಂಡರು.

ಕಳೆದ ಚಳಿಗಾಲದಲ್ಲಿ ತಮ್ಮ ಮುಂಬಯಿಗೆ ಬಂದಿದ್ದಾಗ ಅಣ್ಣನ ಮೊಮ್ಮಗ ಬ್ಯಾಂಕ್ ಸಾಲ ಮಾಡಿ ಹೊಸ ಕಾರು ತಂದ. ಅಜ್ಜಂದಿರಿಬ್ಬರನ್ನೂ ಕೂರಿಸಿ ಚೆಂಬೂರಿನ ತನಕ ಒಂದು ಸುತ್ತು ಹೊಡೆಸಿದ. ತಮ್ಮ ಕುತೂಹಲದಿಂದ ಬಾನೆಟ್ ತೆರೆಸಿದರೆ ಒಳಗೆಲ್ಲ ಕಪ್ಪು ಪ್ಲಾಸ್ಟಿಕ್ ಮುಚ್ಚಳ. ಕೈ ಹಾಕಲು ಜಾಗವಿಲ್ಲ. ಅಣ್ಣ ಕೋಲೂರಿಕೊಂಡು ಹಿಂದಕ್ಕೆ ಹೋಗಿ ಡಿಕ್ಕಿ ತೆರೆಯಲು ಹೇಳಿದರು.

"ಸ್ಟೆಪ್ನಿ ಎಲ್ಲಿ?"

ಈ ಮಾದರಿಯಲ್ಲಿ ಸ್ಟೆಪ್ನಿ ಬರುವುದಿಲ್ಲ, ಪಂಕ್ಚರ್ ಕಿಟ್ ಮಾತ್ರ ಕೊಡುತ್ತಾರೆ ಎಂದ ಮೊಮ್ಮಗ. ಅಣ್ಣ ತಮ್ಮನ ಮುಖ ನೋಡಿದರು. ಮಾರನೆಯ ದಿನ ಬೆಳಿಗ್ಗೆ ಇಬ್ಬರೂ ರಿಕ್ಷಾ ಹಿಡಿದು ಕುರ್ಲಾದ ಸಿ.ಎಸ್.ಟಿ. ರಸ್ತೆಯ ಹಳೆಯ ಬಿಡಿಭಾಗಗಳ ಅಂಗಡಿಗಳ ಕಡೆಗೆ ಹೊರಟರು. ಮಧ್ಯಾಹ್ನ ಊಟದ ಹೊತ್ತಿಗೆ ಮರಳಿದಾಗ ರಿಕ್ಷಾದಲ್ಲಿ ಇಬ್ಬರ ನಡುವೆ ಒಂದು ಚಕ್ರ ಕುಳಿತಿತ್ತು.